ಬಂಧನಕ್ಕೂ ತೀರ್ಪಿಗೂ ನಡುವಿನ ದಿನಗಳು

ಜೋಯಿಡಾ ತಾಲ್ಲೂಕಿನ ಅಂಚಿನಲ್ಲಿ, ರೈಲು ಘಟ್ಟ ಇಳಿಯುವ ಮೊದಲು ಬರುವ ನಿಲ್ದಾಣ ಕ್ಯಾಸಲ್‌ರಾಕ್. ಗೋವೆ ಪೋರ್ಚುಗೀಸರ ಕೈಯಲ್ಲಿದ್ದಷ್ಟು ಕಾಲ ಇದು ಗಡಿ ನಿಲ್ದಾಣವಾಗಿತ್ತು. ಸುಂಕದ ಅಧಿಕಾರಿಗಳು ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸಿ ನೋಡುತ್ತಿದ್ದ ಜಾಗ. 1961ರಲ್ಲಿ ಗೋವಾ ವಿಮೋಚನೆಯಾದ ಮೇಲೆ ಆ ಗಡಿ ಅಳಿಸಿಹೋಯಿತು; ಕಾಡು, ಮಳೆ ಮತ್ತು ರೈಲು ಉಳಿದವು. 2008ರಲ್ಲಿ ಈ ಊರಿನ ಹೆಸರು ದೇಶದ ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಸಲದ ಕಾರಣ ಬೇರೆಯಾಗಿತ್ತು.

ಆ ವರ್ಷದ ಜನವರಿಯಲ್ಲಿ ಹೊನ್ನಾಳಿಯಲ್ಲಿ ಮೋಟಾರ್ ಸೈಕಲ್ ಕಳವಿನ ಅನುಮಾನದ ಮೇಲೆ ಇಬ್ಬರು ಯುವಕರನ್ನು ಪೊಲೀಸರು ಹಿಡಿದರು. ಆ ಎಳೆ ಹಿಡಿದು ಹೊರಟ ತನಿಖೆ ಹುಬ್ಬಳ್ಳಿಯ ವೈದ್ಯಕೀಯ ವಿದ್ಯಾರ್ಥಿಗಳನ್ನೂ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಇಂಜಿನಿಯರನ್ನೂ ಮುಟ್ಟಿತು. ಇವರೆಲ್ಲ 2001ರಲ್ಲಿ ನಿಷೇಧಕ್ಕೊಳಗಾದ ಸಿಮಿ ಸಂಘಟನೆಯ ನಂಟುಳ್ಳವರು, ದೇಶದ ವಿರುದ್ಧ ಒಳಸಂಚು ನಡೆಸಿದವರು ಎಂಬುದು ಆರೋಪ. 2007ರಲ್ಲಿ ಕ್ಯಾಸಲ್‌ರಾಕ್ ಕಾಡಿನಲ್ಲಿ ಸಿಮಿಯ ತರಬೇತಿ ಶಿಬಿರ ನಡೆದಿತ್ತು ಎಂಬ ಮಾತೂ ತನಿಖೆಯವರಿಂದಲೇ ಬಂತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆ, ಅಂದರೆ ಈಗ ಎಲ್ಲರ ಬಾಯಲ್ಲಿರುವ ಯುಎಪಿಎ, ಅನ್ವಯವಾಯಿತು. 2015ರ ಏಪ್ರಿಲ್ 30ರಂದು ಹುಬ್ಬಳ್ಳಿಯ ನ್ಯಾಯಾಲಯ 17 ಆರೋಪಿಗಳನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು.

ಇದನ್ನು ಓದಿ ಇಂಥ ಮೊಕದ್ದಮೆಗಳೆಲ್ಲ ಕಟ್ಟುಕಥೆ ಎಂದು ಯಾರೂ ತಿಳಿಯಬಾರದು. ಅದೇ 2007ರ ಡಿಸೆಂಬರಿನಲ್ಲಿ ಕೇರಳದ ವಾಗಮಣ್ ಬೆಟ್ಟದಲ್ಲಿ ನಡೆದ ಶಿಬಿರದ ಮೊಕದ್ದಮೆಯಲ್ಲಿ ಕೊಚ್ಚಿಯ ವಿಶೇಷ ನ್ಯಾಯಾಲಯ 2018ರಲ್ಲಿ 18 ಜನರನ್ನು ತಪ್ಪಿತಸ್ಥರೆಂದಿತು. 17 ಜನರನ್ನು ಬಿಟ್ಟುಕಳಿಸಿತು. ಹುಬ್ಬಳ್ಳಿಯಲ್ಲಿ ಬಿಡುಗಡೆಯಾದವರಲ್ಲಿ ಕೆಲವರ ಮೇಲೆ ಬೇರೆ ರಾಜ್ಯಗಳಲ್ಲಿ ಬೇರೆ ಮೊಕದ್ದಮೆಗಳೂ ಇದ್ದವು, ಅವುಗಳ ವಿಚಾರ ಬೇರೆ. ಯಾರು ತಪ್ಪಿತಸ್ಥರು, ಯಾರಲ್ಲ ಎಂಬುದನ್ನು ಕೊನೆಗೆ ನ್ಯಾಯಾಲಯವೇ ಹೇಳಬೇಕು, ಎರಡೂ ಕಡೆ ಹೇಳಿತು. ನಾವು ಇಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ. ತೀರ್ಪು ಬರುವವರೆಗಿನ ದಿನಗಳನ್ನು ಯಾರು ಎಣಿಸುತ್ತಾರೆ, ಆ ನಡುವೆ ಯಾರು ಎಷ್ಟು ಸಲ ತಡೆದು ಕೇಳುತ್ತಾರೆ ಎಂಬುದು ನಮ್ಮ ಪ್ರಶ್ನೆ. ರಾಷ್ಟ್ರದ ಭದ್ರತೆ ಮತ್ತು ಪ್ರಜೆಯ ಸ್ವಾತಂತ್ರ್ಯ ಎಂದು ದೊಡ್ಡ ದೊಡ್ಡ ಮಾತುಗಳಲ್ಲಿ ನಡೆಯುವ ವಾದ ನೆಲಕ್ಕಿಳಿದಾಗ ಸಿಗುವುದು ಈ ದಿನಗಳ ಲೆಕ್ಕವೇ.

ಮೊದಲು ಸಾಮಾನ್ಯ ಕಾನೂನಿನ ಲೆಕ್ಕ ನೋಡೋಣ. ಯಾರನ್ನೇ ದಸ್ತಗಿರಿ ಮಾಡಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಯಾವ ಕಾರಣಕ್ಕೆ ಹಿಡಿದರೆಂದು ಅವನಿಗೆ ತಿಳಿಸಬೇಕು. ವಕೀಲರನ್ನು ಕಾಣಲು ಬಿಡಬೇಕು. ಇದು ಸಂವಿಧಾನದ 22ನೆಯ ವಿಧಿ. ಅಪರಾಧದ ಗುರುತ್ವವನ್ನು ನೋಡಿ 60 ಅಥವಾ 90 ದಿನಗಳಲ್ಲಿ ದೋಷಾರೋಪಣೆ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದರೂ ಈ ಲೆಕ್ಕ ಬದಲಾಗಿಲ್ಲ.

ಯುಎಪಿಎ ಅಡಿಯಲ್ಲಿ ಇದೇ ಲೆಕ್ಕ ಹಿಗ್ಗುತ್ತದೆ. ಪೊಲೀಸ್ ವಶ 30 ದಿನದವರೆಗೆ ಹೋಗಬಹುದು. ಸರಕಾರಿ ವಕೀಲರು ಕಾರಣ ಕೊಟ್ಟು ನ್ಯಾಯಾಲಯ ಒಪ್ಪಿದರೆ ಪಟ್ಟಿ ಸಲ್ಲಿಸಲು 180 ದಿನ. ಇನ್ನು ಜಾಮೀನು. ಪೊಲೀಸರ ಕಾಗದಪತ್ರ ನೋಡಿದಾಗ ಆರೋಪ ಮೇಲ್ನೋಟಕ್ಕೆ ನಿಜವೆಂದು ನಂಬಲು ಕಾರಣವಿದ್ದರೆ ಜಾಮೀನು ಕೊಡುವಂತಿಲ್ಲ. ಆ ಕಾಗದಪತ್ರವನ್ನು ಆ ಹಂತದಲ್ಲಿ ಆಳವಾಗಿ ಕೆದಕಿ ಪರೀಕ್ಷಿಸುವಂತೆಯೂ ಇಲ್ಲ ಎಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ದಾಂಡೇಲಿ ಸುತ್ತಿನ ಓದುಗರಿಗೆ ಅರಣ್ಯ ಇಲಾಖೆಯ ನಾಕಾ ಗೊತ್ತಿದೆ. ಲಾರಿ ನಿಲ್ಲಿಸಿ ಪಾಸು ಕೇಳುವುದು ನಾಕಾದವರ ಕೆಲಸ, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಪಾಸು ತೋರಿಸುವ ಅವಕಾಶ ವಿಚಾರಣೆಯ ದಿನ ಸಿಗುತ್ತದೆ, ಅಲ್ಲಿಯವರೆಗೆ ಇಲ್ಲೇ ನಿಂತಿರು ಎಂದರೆ ಲಾರಿಯ ಮಾಲು ಏನಾದೀತು?

ಇಷ್ಟು ಬಿಗಿ ಏಕೆ ಬೇಕಾಯಿತು ಎಂಬುದನ್ನು ತನಿಖೆ ನಡೆಸುವವರ ಕಡೆಯಿಂದಲೂ ಕೇಳಬೇಕು. ನಮ್ಮ ರಾಜ್ಯವೇನೂ ಇದರಿಂದ ಹೊರಗೆ ಉಳಿದಿಲ್ಲ. 2005ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗುಂಡು ಹಾರಿ ದೆಹಲಿಯಿಂದ ಬಂದಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ತೀರಿಕೊಂಡರು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟಗಳಾದವು. 2014ರ ಡಿಸೆಂಬರಿನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ, 2022ರ ನವೆಂಬರಿನಲ್ಲಿ ಮಂಗಳೂರಿನ ಆಟೋದೊಳಗೆ, 2024ರ ಮಾರ್ಚ್ 1ರಂದು ಬೆಂಗಳೂರಿನ ಒಂದು ಉಪಾಹಾರ ಗೃಹದಲ್ಲಿ. ಹೀಗೆ ಬಾಂಬು ಇಡುವವನು ಕಳ್ಳತನ ಮಾಡಿದವನಂತೆ ಒಂದೇ ಊರಿನಲ್ಲಿ ಕುರುಹು ಬಿಡುವುದಿಲ್ಲ. ಹಣ ಒಂದು ರಾಜ್ಯದಿಂದ, ಸಾಮಗ್ರಿ ಇನ್ನೊಂದರಿಂದ, ಸಿಮ್ ಕಾರ್ಡು ಮತ್ತೊಬ್ಬರ ಹೆಸರಿನಲ್ಲಿ ಬಂದಿರುತ್ತದೆ. ಸಾಕ್ಷಿ ಹೇಳುವವರು ಹೆದರುತ್ತಾರೆ. ಪ್ರಯೋಗಾಲಯದ ವರದಿ ಬರುವುದು ನಿಧಾನ. ತೊಂಬತ್ತು ದಿನ ಸಾಲದು ಎನ್ನುವ ಮಾತಿನಲ್ಲಿ ಸತ್ಯವಿದೆ. ಆದರೆ ಎಷ್ಟು ದಿನ ಸಾಕು ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಈ ಪ್ರಶ್ನೆಗೆ ಕನ್ನಡಿಗರು ಅತಿ ಹತ್ತಿರದಿಂದ ಕಂಡ ಉದಾಹರಣೆ ಮೈಸೂರಿನ ಟಾಡಾ ಕೈದಿಗಳದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವೀರಪ್ಪನ್ ಕಾಲದ ಮಾತು. 1992ರ ಆಗಸ್ಟಿನಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವನ ಗುಂಪಿನ ಗುಂಡಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಕಾಡಿನೊಳಗೆ ಅವನನ್ನು ಹಿಡಿಯಲಾಗದೆ ಇದ್ದಾಗ ವಿಶೇಷ ಕಾರ್ಯಪಡೆಯ ಕೈ ಕಾಡಂಚಿನ ಹಳ್ಳಿಗಳ ಮೇಲೆ ಬಿತ್ತು. ಅಕ್ಕಿ ಕೊಟ್ಟವರು, ದಾರಿ ತೋರಿಸಿದವರು, ಕೊಟ್ಟರೆಂದು ಅನುಮಾನ ಬಂದವರು, ಹೆಂಗಸರು ಸಹಿತ ನೂರಕ್ಕೂ ಹೆಚ್ಚು ಮಂದಿಯ ಮೇಲೆ ಟಾಡಾ ಹೇರಲಾಯಿತು. ಅವರಲ್ಲಿ ಬಹುಮಂದಿಗೆ ಟಾಡಾ ಎಂದರೇನೆಂದು ತಿಳಿಯಲು ಸಾಧ್ಯವಿರಲಿಲ್ಲ.

1985ರಲ್ಲಿ ಬಂದ ಆ ಕಾಯಿದೆಯ ವಿಶೇಷವೆಂದರೆ, ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತಿತ್ತು. 1987ರಲ್ಲಿ ಸೇರಿಸಿದ ಈ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಕೆಲವು ಕಟ್ಟುಪಾಡುಗಳೊಂದಿಗೆ ಎತ್ತಿಹಿಡಿಯಿತು. ದೇಶದಾದ್ಯಂತ ಟಾಡಾ ಅಡಿ 76,000ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಶಿಕ್ಷೆಯಾದವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಈ ಅಂಕಿ ಹೊರಬಿದ್ದ ಮೇಲೆ ಕಾಯಿದೆಯನ್ನು ಸಮರ್ಥಿಸುವವರು ವಿರಳರಾದರು. 1995ರ ಮೇ ತಿಂಗಳಲ್ಲಿ ಅದರ ಅವಧಿ ಮುಗಿಯಿತು, ಸಂಸತ್ತು ಮುಂದುವರಿಸಲಿಲ್ಲ. ಆದರೆ ಹಳೆಯ ಮೊಕದ್ದಮೆಗಳು ಹಾಗೆಯೇ ಉಳಿದವು. ಕಾಯಿದೆ ಸತ್ತಿತ್ತು, ಅದರ ಕೈದಿಗಳು ಮೈಸೂರು ಸೆರೆಮನೆಯಲ್ಲಿದ್ದರು.

2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಈ ಕೈದಿಗಳ ಬಿಡುಗಡೆಯೂ ಒಂದು. ಸರಕಾರ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಹೊರಟಿತು. ಆಗ ಶಕೀಲ್ ಅಹಮದರ ತಂದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮಗನನ್ನು ಕೊಂದವರ ಗುಂಪಿನ ಬೆದರಿಕೆಗೆ ಮಣಿದು ಮೊಕದ್ದಮೆ ಕೈಬಿಡುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆಯ ಸಾರ. ನವೆಂಬರಿನಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಆ ತೀರ್ಪು ಸರಿಯೆಂದೇ ಈ ಲೇಖಕನ ಅಭಿಪ್ರಾಯ. ಅಪಹರಣಕಾರನ ಮಾತಿಗೆ ಸೆರೆಮನೆಯ ಬೀಗ ತೆರೆಯುವ ರಾಜ್ಯದಲ್ಲಿ ಯಾರಿಗೂ ರಕ್ಷಣೆ ಇರುವುದಿಲ್ಲ.

ಆದರೆ ಮುಂದೇನಾಯಿತು ನೋಡಿ. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಹೊರಬಿದ್ದಾಗ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳಾಗಿ ಹೊರಬಂದರು. ಶಿಕ್ಷೆಯಾದವರು ಒಟ್ಟಿನಲ್ಲಿ ಸಣ್ಣ ಭಾಗ. ಯಾವ ಬಿಡುಗಡೆ ಬೆದರಿಕೆಗೆ ಮಣಿದಂತಾಗುತ್ತದೆಂದು ತಡೆಯಲ್ಪಟ್ಟಿತೋ, ಆ ಬಿಡುಗಡೆ ಬಹುಪಾಲು ಜನರಿಗೆ ಎಂದೋ ಸಲ್ಲಬೇಕಿತ್ತು. ವಿಚಾರಣೆ 1995ರಲ್ಲೋ 96ರಲ್ಲೋ ಮುಗಿದಿದ್ದರೆ ವೀರಪ್ಪನ್ ಕೈಯಲ್ಲಿ ಈ ಬೇಡಿಕೆಯೇ ಇರುತ್ತಿರಲಿಲ್ಲ. ನಿರಪರಾಧಿಗಳು ಮನೆಯಲ್ಲಿರುತ್ತಿದ್ದರು, ಅಪರಾಧಿಗಳಿಗೆ ಶಿಕ್ಷೆಯಾಗಿರುತ್ತಿತ್ತು, ಸತ್ತ ಅಧಿಕಾರಿಯ ತಂದೆ ದೆಹಲಿಗೆ ಹೋಗಬೇಕಾಗಿರಲಿಲ್ಲ. ವಿಳಂಬ ಇಲ್ಲಿ ಪ್ರಜೆಯ ಸ್ವಾತಂತ್ರ್ಯಕ್ಕೆ ಪೆಟ್ಟು ಕೊಟ್ಟಿದ್ದಷ್ಟೇ ಅಲ್ಲ, ರಾಜ್ಯದ ಭದ್ರತೆಯನ್ನೂ ಒತ್ತೆಯಿಟ್ಟಿತು. ಶಿಕ್ಷೆಯಾದವರ ವಿಚಾರದಲ್ಲೂ ಇದೇ ಕಥೆ. ನಾಲ್ವರಿಗೆ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಮರಣದಂಡನೆ ವಿಧಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದರಿಂದ 2014ರಲ್ಲಿ ಅದೇ ನ್ಯಾಯಾಲಯ ಅದನ್ನು ಜೀವಾವಧಿಗೆ ಇಳಿಸಿತು. ಕಾರ್ಯಪಡೆಯ ದೌರ್ಜನ್ಯಗಳ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ತನಿಖೆ ನಡೆಸಿದ ಮೇಲೆ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು.

ಇಂಥ ಅಧಿಕಾರ ಕಾಡುಗಳ್ಳನ ಮೇಲಷ್ಟೇ ಬೀಳುತ್ತದೆಂದು ಭಾವಿಸುವವರು 1975ನ್ನು ನೆನೆಯಬಹುದು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ತುರ್ತುಪರಿಸ್ಥಿತಿಯ ಮರುದಿನವೇ ಬೆಂಗಳೂರಿನ ಸೆರೆಮನೆ ಸೇರಿದರು. ಆಗಿನ ಕಾಯಿದೆ ಮೀಸಾ, ಅದರ ಹೆಸರಿನಲ್ಲೇ 'ಆಂತರಿಕ ಭದ್ರತೆ' ಎಂಬ ಮಾತಿತ್ತು. ಅದೇ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿದ ಕಲಾವಿದೆ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ಹೊರಬಂದು ಕೆಲವೇ ದಿನಗಳಲ್ಲಿ ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತೆಯೇ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು 1976ರಲ್ಲಿ ಹೇಳಿದಾಗ, ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಪೂರ್ತಿ ತಳ್ಳಿಹಾಕಿದ್ದು 2017ರಲ್ಲಿ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಳೆಯ ಅನುಭವದಿಂದ ಏನನ್ನೂ ಕಲಿತಿಲ್ಲ ಎನ್ನುವುದೂ ಸರಿಯಲ್ಲ. 2002ರಲ್ಲಿ ಬಂದ ಪೋಟಾ 2004ರಲ್ಲಿ ಹೋಯಿತು. ಅದರ ಅಂಶಗಳು ಯುಎಪಿಎ ಒಳಗೆ ಸೇರಿದವಾದರೂ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಮಾತ್ರ ಸೇರಲಿಲ್ಲ. 2008ರಲ್ಲಿ ಮುಂಬಯಿ ದಾಳಿಯ ನಂತರದ ತಿದ್ದುಪಡಿ ಜಾಮೀನನ್ನು ಬಿಗಿಮಾಡಿತು. ಜೊತೆಗೆ ಮೊಕದ್ದಮೆ ನಡೆಸುವ ಮಂಜೂರಾತಿಗೆ ಮುನ್ನ ಸ್ವತಂತ್ರ ಪ್ರಾಧಿಕಾರವೊಂದು ಸಾಕ್ಷ್ಯ ಪರಿಶೀಲಿಸಬೇಕೆಂದೂ ಸೇರಿಸಿತು. ಪರಿಶೀಲನೆಗೆ ಏಳು ಕೆಲಸದ ದಿನ, ಮಂಜೂರಾತಿಗೆ ಇನ್ನೇಳು ದಿನ. ಈ ಗಡುವು ಕಡ್ಡಾಯವೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. 2021ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ, ವಿಚಾರಣೆ ಬೇಗ ಮುಗಿಯುವ ಸಾಧ್ಯತೆ ಇಲ್ಲದಾಗ, ಆರೋಪಿ ಐದು ವರ್ಷಕ್ಕೂ ಮೀರಿ ಒಳಗಿದ್ದಾಗ, ಯುಎಪಿಎಯ ಬಿಗಿ ಷರತ್ತು ಕೂಡ ಸಂವಿಧಾನದ 21ನೆಯ ವಿಧಿಗೆ ದಾರಿ ಬಿಡಬೇಕೆಂದಿತು. ಒಳ್ಳೆಯ ತೀರ್ಪು. ಆದರೆ ಅದು ಬಾಗಿಲು ತೆರೆದದ್ದು ಐದು ವರ್ಷದ ಆಚೆ. ಸಂಸತ್ತು ಪೊಲೀಸರಿಗೆ 180 ದಿನ ಎಂದು ಗಡಿ ಹಾಕಿತು. ವಿಚಾರಣೆಗೆ ಅಂಥ ಗಡಿ ಹಾಕಲಿಲ್ಲ. ನನಗೆ ಕಾಣುವಂತೆ ಈ ಕಾನೂನಿನ ಅತಿ ದೊಡ್ಡ ಲೋಪ ಅದೇ. ಜಾಮೀನು ಬಿಗಿಯಾಗಿರಲೇಬೇಕೆಂದರೆ ವಿಚಾರಣೆ ದಿನದಿನವೂ ನಡೆಯಬೇಕು. ಅದಕ್ಕೆ ಬೇಕಾದ ನ್ಯಾಯಾಧೀಶರು, ವಕೀಲರು, ಪ್ರಯೋಗಾಲಯಗಳನ್ನು ಒದಗಿಸದೆ ಬಿಗಿಯನ್ನಷ್ಟೇ ಇಟ್ಟುಕೊಂಡರೆ ಅದು ತೀರ್ಪಿಲ್ಲದ ಶಿಕ್ಷೆ.

ಹಾಗೆಂದು ಭದ್ರತೆಯ ಕಟ್ಟಳೆಗಳೆಲ್ಲ ಒಂದೇ ತೂಕದವಲ್ಲ. ಮುಂಡಗೋಡದ ಜನ ಇದನ್ನು ದಿನವೂ ಕಾಣುತ್ತಾರೆ. 1966ರಿಂದ ಅಲ್ಲಿರುವ ಟಿಬೆಟನ್ ನಿರಾಶ್ರಿತರ ವಸತಿಗೆ ವಿದೇಶಿ ಪ್ರವಾಸಿ ಬರಬೇಕಾದರೆ ಕೇಂದ್ರದ ಗೃಹ ಖಾತೆಯ ಅನುಮತಿ ಪತ್ರ ಬೇಕು. ನಿರಾಶ್ರಿತರು ನೋಂದಣಿ ಪತ್ರ ಇಟ್ಟುಕೊಂಡು ಕಾಲಕಾಲಕ್ಕೆ ನವೀಕರಿಸಬೇಕು. ಕಿರಿಕಿರಿ ಇಲ್ಲವೆಂದಲ್ಲ. ಆದರೆ ನಿಯಮ ಬರವಣಿಗೆಯಲ್ಲಿದೆ, ಅವಧಿ ಮೊದಲೇ ತಿಳಿದಿದೆ, ತಪ್ಪೆನಿಸಿದರೆ ಕೇಳುವ ಜಾಗವಿದೆ. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ, 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿದ್ದು ಹೀಗೆ ಕೇಳಿದ್ದರಿಂದಲೇ.

ಮಾತಿನ ನಡುವೆ ಇನ್ನೊಂದು. ನಮ್ಮ ಜಿಲ್ಲೆಯದೇ ಒಂದು ಕಡಲತಡಿಯ ಊರಿನ ಹೆಸರು ಪತ್ರಿಕೆಗಳಲ್ಲಿ ಭಯೋತ್ಪಾದನೆಯ ಆರೋಪಿಗಳ ಅಡ್ಡಹೆಸರಾಗಿ ವರ್ಷಗಟ್ಟಲೆ ಅಚ್ಚಾಯಿತು. ಆ ಊರಿನ ಮೀನುಗಾರ, ಮಲ್ಲಿಗೆ ಬೆಳೆಗಾರ, ಜವಳಿ ವ್ಯಾಪಾರಿ ಬೇರೆ ಊರಿನಲ್ಲಿ ಕೋಣೆ ಬಾಡಿಗೆಗೆ ಕೇಳುವಾಗ ತನ್ನೂರಿನ ಹೆಸರು ಹೇಳಬೇಕೋ ಬೇಡವೋ ಎಂದು ಯೋಚಿಸುವಂತಾದರೆ, ಅದಕ್ಕೆ ಯಾವ ಕಾಯಿದೆಯೂ ಹೊಣೆಯಲ್ಲ. ಹಾಗೆ ಬರೆದವರು, ಹಾಗೆ ಓದಿದ ನಾವು.

ಏಳು ವರ್ಷದ ನಂತರ ಖುಲಾಸೆಯಾದವನಿಗೆ ಕಾನೂನಿನಲ್ಲಿ ಏನು ಸಿಗುತ್ತದೆ? ಬಿಡುಗಡೆಯ ಆದೇಶದ ಪ್ರತಿ. ಪರಿಹಾರವನ್ನು ಹಕ್ಕಾಗಿ ಕೊಡುವ ಕಾನೂನು ನಮ್ಮಲ್ಲಿಲ್ಲ. ತಪ್ಪು ಮೊಕದ್ದಮೆಗೆ ಒಳಗಾದವರಿಗೆ ಪರಿಹಾರ ಕೊಡುವ ಶಾಸನ ಬೇಕೆಂದು ಕಾನೂನು ಆಯೋಗ 2018ರ ತನ್ನ 277ನೆಯ ವರದಿಯಲ್ಲಿ ಹೇಳಿತು. ಅಂಥ ಶಾಸನ ಇನ್ನೂ ಬಂದಿಲ್ಲ. ತನಿಖೆಯಲ್ಲಿ ತಪ್ಪಿದರೆ ಬೊಕ್ಕಸದಿಂದ ಹಣ ಹೋಗುತ್ತದೆ ಎಂಬ ಎಣಿಕೆ ಇದ್ದರೆ, ಆರೋಪ ಹೊರಿಸುವ ಮೊದಲು ಇನ್ನೊಮ್ಮೆ ಕಡತ ನೋಡುವ ಅಭ್ಯಾಸ ಬೆಳೆದೀತು.

ಹಳಿಯಾಳ, ಜೋಯಿಡಾ ಕಡೆಯ ಓದುಗರಿಗೆ ದೂರದ ಮಾತೂ ಮುಖ್ಯ. ರಾಷ್ಟ್ರೀಯ ತನಿಖಾ ಸಂಸ್ಥೆ ಕೈಗೆತ್ತಿಕೊಂಡ ಮೊಕದ್ದಮೆ ಸಾಮಾನ್ಯವಾಗಿ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಒಂದು ತಾರೀಖಿಗೆ ಹೋಗಿಬರಲು ಎರಡು ರಾತ್ರಿಯ ಪ್ರಯಾಣ, ಕೂಲಿಯ ನಷ್ಟ, ವಕೀಲರ ಶುಲ್ಕ. ಭಾಷೆಯದೂ ತೊಡಕೇ. ಈ ತಾಲ್ಲೂಕುಗಳಲ್ಲಿ ಕುಣಬಿಗಳ, ಸಿದ್ದಿಗಳ ಮನೆಮಾತು ಕೊಂಕಣಿ. ಮರಾಠಿ, ಉರ್ದು ಆಡುವವರೂ ಬಹಳ. ಕಾಗದ ಬರುವುದು ಕನ್ನಡದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಮುನ್ನೆಚ್ಚರಿಕೆಯ ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡದಿದ್ದರೆ ಬಂಧನ ನಿಲ್ಲದು ಎಂದು ಸರ್ವೋಚ್ಚ ನ್ಯಾಯಾಲಯ 1962ರಷ್ಟು ಹಿಂದೆಯೇ ಹೇಳಿತ್ತು. ಯುಎಪಿಎ ಅಡಿ ಬಂಧಿಸಿದಾಗಲೂ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕೆಂದು 2024ರ ಮೇ ತಿಂಗಳಲ್ಲಿ ಹೇಳಿದೆ.

ಆದ್ದರಿಂದ ಮನೆಯವರು ಠಾಣೆಗೆ ಹೋದಾಗ ಕೇಳಬೇಕಾದದ್ದು ಇಷ್ಟು: ಬಂಧಿಸಿದ ದಿನ ಮತ್ತು ಸಮಯ ಬರೆದು, ಸಾಕ್ಷಿಯ ಸಹಿ ಇರುವ ಬಂಧನ ಪತ್ರದ ವಿವರ, ಬಂಧನದ ಕಾರಣಗಳ ಲಿಖಿತ ಪ್ರತಿ, ಯಾವ ಮ್ಯಾಜಿಸ್ಟ್ರೇಟರ ಮುಂದೆ, ಎಷ್ಟು ಹೊತ್ತಿಗೆ ಹಾಜರುಪಡಿಸುತ್ತಾರೆಂಬುದು, ವೈದ್ಯಕೀಯ ತಪಾಸಣೆಯ ವರದಿ. ಇವುಗಳನ್ನು ಕೇಳುವುದು ಉಪಕಾರ ಬೇಡಿದಂತಲ್ಲ. ಬಂಧನ ಪತ್ರ ಮತ್ತು ತಪಾಸಣೆಯ ನಿಯಮಗಳು ಸರ್ವೋಚ್ಚ ನ್ಯಾಯಾಲಯ 1990ರ ದಶಕದಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ವಿಧಿಸಿದವು, ಈಗ ಕಾನೂನಿನಲ್ಲೇ ಸೇರಿವೆ. ವಕೀಲರನ್ನು ಹಿಡಿಯಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗಾಗಲಿ, ಕಾರವಾರದ ಜಿಲ್ಲಾ ಪ್ರಾಧಿಕಾರಕ್ಕಾಗಲಿ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯದ ಮಿತಿ ನೋಡದೆ ನೆರವು ಸಿಗುತ್ತದೆ. ದೂರವಾಣಿ ಸಂಖ್ಯೆ 15100. ಬಂಧನವಾದ ದಿನವೇ ಒಂದು ನೋಟ್ ಪುಸ್ತಕ ಇಟ್ಟು ತಾರೀಖುಗಳನ್ನು ಬರೆಯುತ್ತ ಹೋಗಿ. 90ನೆಯ ದಿನ ಯಾವುದು, 180ನೆಯ ದಿನ ಯಾವುದು ಎಂದು ವಕೀಲರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿರುತ್ತದೆ.